ಅಮೆರಿಕದ ಸ್ಕೂಲ್ ಪ್ಲೆಡ್ಜಲ್ಲಿ ದೇವರು ಯಾಕೆ ಬಂದ, ಇರ್ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದು ಮಕ್ಕಳನ್ನ ಸ್ಕೂಲಿಗೆ ಹಾಕಿದ ಕನ್ನಡದೋರು ಒಂದಲ್ಲ ಒಂದಿನ ಈ ವಿಷಯ ಕೇಳೇ ಕೇಳ್ತಾರೆ. ಮಗು ಮನೆಗೆ ಬಂದು ಎದೆ ಮೇಲೆ ಕೈ ಇಟ್ಕೊಂಡು ಪಟಪಟ ಏನೋ ಹೇಳುತ್ತೆ, ಅದ್ರಲ್ಲಿ ಗಾಡ್ ಅಂತ ಬರುತ್ತೆ, ಯಾವ ಗಾಡು, ಯಾಕೆ ಗಾಡು, ನಮ್ಮೂರಲ್ಲಿ ಇದು ಇರ್ಲಿಲ್ವಲ್ಲ ಅಂತ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಒಂದೇ ಕಡೆ ಬರೆದಿಟ್ಟಿದೀನಿ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಮಾಡ್ದೆ ಅನ್ಬೇಡಿ: ನಾನು ದೇವರನ್ನ ನಂಬೋನೇ, ಮನೇಲಿ ಪೂಜೆ ಪುನಸ್ಕಾರ ಎಲ್ಲಾ ಇದೆ, ಆದ್ರೂ ದೇಶದ ಹೆಸರಲ್ಲಿ ಮಕ್ಕಳ ಕೈಲಿ ಹೇಳಿಸೋ ಮಾತಲ್ಲಿ ದೇವರು ಬೇಡ ಅನ್ನೋ ಕಡೆಯೋನು.

ಈ ಪ್ಲೆಡ್ಜ್ ಅಂದ್ರೆ ಏನು? ದಿನಾ ಹೇಳಿಸ್ತಾರಾ?

ಪ್ಲೆಡ್ಜ್ ಆಫ್ ಅಲೀಜಿಯನ್ಸ್. ಬಾವುಟಕ್ಕೂ ಅದು ಪ್ರತಿನಿಧಿಸೋ ಗಣರಾಜ್ಯಕ್ಕೂ ನಿಷ್ಠೆ ಇಟ್ಕೋತೀನಿ ಅನ್ನೋ 31 ಪದದ ಒಂದೇ ಒಂದು ವಾಕ್ಯ. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಶಾಲೆಗಳು ಬೆಳಿಗ್ಗೆ ಇದಕ್ಕೆ ಸಮಯ ಇಡ್ಬೇಕು ಅಂತ ಕಾನೂನೇ ಇದೆ. ಮೈಕಲ್ಲಿ ಅನೌನ್ಸ್‌ಮೆಂಟ್ ಬರುತ್ತೆ, ಮಕ್ಕಳು ಎದ್ದು ನಿಂತು ಹೇಳ್ತಾರೆ, ಅರ್ಧ ನಿಮಿಷದಲ್ಲಿ ಮುಗಿಯುತ್ತೆ. ನಮ್ಮ ಪ್ರೇಯರ್ ಥರ ಬಿಸಿಲಲ್ಲಿ ಸಾಲಾಗಿ ನಿಲ್ಸಲ್ಲ.

ಬರೆದೋನು ಪಾದ್ರಿ ಅಂತೆ, ಹಂಗಾದ್ರೆ ದೇವರು ಮೊದಲಿಂದಲೇ ಇದ್ದಿರ್ಬೇಕಲ್ಲ?

ಇಲ್ಲ, ಮಜಾ ಇರೋದೇ ಅಲ್ಲಿ. ಬರೆದಿದ್ದು ಫ್ರಾನ್ಸಿಸ್ ಬೆಲಮಿ, ಬ್ಯಾಪ್ಟಿಸ್ಟ್ ಪಾದ್ರಿ, ಜೊತೆಗೆ ಸಮಾಜವಾದಿ. 1892ರಲ್ಲಿ ಕೊಲಂಬಸ್ ಅಮೆರಿಕಕ್ಕೆ ಬಂದು 400 ವರ್ಷ ಆಯ್ತು ಅಂತ ದೇಶದ ಎಲ್ಲಾ ಶಾಲೆಗಳಲ್ಲೂ ಒಂದು ಕಾರ್ಯಕ್ರಮ ಇಟ್ಕೊಂಡಿದ್ರು, ಅದಕ್ಕೆ ಅಂತ ಯೂತ್ಸ್ ಕಂಪ್ಯಾನಿಯನ್ ಅನ್ನೋ ಪತ್ರಿಕೆಗೆ ಬರೆದ. ಆ ಪತ್ರಿಕೆಯೋರು ಶಾಲೆಗಳಿಗೆ ಬಾವುಟ ಮಾರೋ ವ್ಯಾಪಾರಾನೂ ನಡೆಸ್ತಿದ್ರು, ಹಾಗಾಗಿ ದೇಶಭಕ್ತಿ ಜೊತೆ ಸ್ವಲ್ಪ ಬಿಸಿನೆಸ್ಸೂ ಇತ್ತು ಅಂದ್ಕೊಳ್ಳಿ. ಒಂದೇ ರಾಷ್ಟ್ರ, ಒಡೆಯೋಕಾಗಲ್ಲ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ ಅಂತ ಬರೆದ ಆ ಪಾದ್ರಿಗೆ ದೇವರನ್ನ ಸೇರಿಸ್ಬೇಕು ಅಂತ ಅನ್ನಿಸ್ಲಿಲ್ಲ. ಅಂತರ್ಯುದ್ಧ ಮುಗಿದು ಇನ್ನೂ ಮೂವತ್ತು ವರ್ಷಾನೂ ಆಗಿರ್ಲಿಲ್ಲ, ಅವನ ತಲೇಲಿದ್ದಿದ್ದು ದೇಶ ಒಡೀಬಾರ್ದು ಅನ್ನೋ ಚಿಂತೆ.

1923, 24ರಲ್ಲಿ ಅದೇನಪ್ಪಾ ಅಂದ್ರೆ, ಬೇರೆ ದೇಶದಿಂದ ಬಂದ ಮಕ್ಕಳು "ನನ್ನ ಬಾವುಟ" ಅಂತ ಹೇಳುವಾಗ ಮನಸ್ಸಲ್ಲಿ ತಮ್ಮೂರಿನ ಬಾವುಟ ನೆನೆಸ್ಕೊಂಡ್ರೆ ಏನ್ ಗತಿ ಅಂತ ಹೆದ್ರಿ ಅಮೆರಿಕ ಸಂಯುಕ್ತ ಸಂಸ್ಥಾನದ ಬಾವುಟ ಅಂತ ಬಿಡಿಸಿ ಹಾಕಿದ್ರು. ವಲಸೆ ಬಂದೋರ ಮೇಲಿನ ಅನುಮಾನ ಹೊಸದೇನಲ್ಲ. 1942ರಲ್ಲಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ಇದನ್ನ ಕಾನೂನಿನ ಪುಸ್ತಕಕ್ಕೆ ಸೇರಿಸ್ತು. ಅಲ್ಲೀವರೆಗೂ ಮಕ್ಕಳು ಕೈ ಮುಂದಕ್ಕೆ ಚಾಚಿ ಸೆಲ್ಯೂಟ್ ಹೊಡೀತಿದ್ರು, ನೋಡೋಕೆ ಥೇಟ್ ಹಿಟ್ಲರ್‌ನೋರ ಸೆಲ್ಯೂಟ್ ಥರಾನೇ ಇತ್ತು, ಯುದ್ಧ ನಡೀತಿದ್ದಾಗ ಅದು ಸರಿ ಕಾಣ್ಲಿಲ್ಲ, ಅದೇ ವರ್ಷ ಡಿಸೆಂಬರಲ್ಲಿ ಎದೆ ಮೇಲೆ ಕೈ ಅಂತ ಬದಲಾಯ್ಸಿದ್ರು. ಇಷ್ಟೆಲ್ಲಾ ಬದಲಾದ್ರೂ ದೇವರು ಇನ್ನೂ ಬಂದಿರ್ಲಿಲ್ಲ.

ಮತ್ತೆ ಯಾವಾಗ ಬಂದ?

1954ರ ಜೂನ್ 14. ಆಗಿನ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ರು. 62 ವರ್ಷ ದೇವರಿಲ್ಲದೇ ನಡೆದಿದ್ದ ಪ್ಲೆಡ್ಜಿಗೆ "ಅಂಡರ್ ಗಾಡ್" ಅಂತ ಎರಡು ಪದ ಸೇರಿತು, ದೇವರಿಗೆ ಅಧೀನವಾಗಿರೋ ಒಂದೇ ರಾಷ್ಟ್ರ ಅನ್ನೋ ಅರ್ಥದಲ್ಲಿ.

ಇದರ ಹಿಂದೆ ಇದ್ದಿದ್ದು ಕೋಲ್ಡ್ ವಾರ್. ಸೋವಿಯತ್ ರಷ್ಯಾ ನಾಸ್ತಿಕ ದೇಶ, ನಾವು ದೇವರನ್ನ ನಂಬೋ ದೇಶ, ಆ ವ್ಯತ್ಯಾಸ ಎದ್ದು ಕಾಣ್ಬೇಕು ಅನ್ನೋ ಲೆಕ್ಕಾಚಾರ. ನೈಟ್ಸ್ ಆಫ್ ಕೊಲಂಬಸ್ ಅನ್ನೋ ಕ್ಯಾಥಲಿಕ್ ಸಂಘದೋರು 1951ರಿಂದಲೇ ತಮ್ಮ ಸಭೆಗಳಲ್ಲಿ ಹಂಗೆ ಹೇಳೋಕೆ ಶುರು ಮಾಡಿದ್ರು. ಮಿಷಿಗನ್‌ನ ಲೂಯಿ ರಾಬೋ ಅನ್ನೋ ಡೆಮಾಕ್ರಟಿಕ್ ಪಾರ್ಟಿಯ ಸಂಸದ 1953ರಲ್ಲಿ ಮಸೂದೆ ತಂದ, ಯಾರೂ ಅಷ್ಟಾಗಿ ತಲೆ ಕೆಡಿಸ್ಕೊಳ್ಲಿಲ್ಲ. ಆಮೇಲೆ 1954ರ ಫೆಬ್ರವರಿ 7ನೇ ತಾರೀಖು, ಭಾನುವಾರ, ವಾಷಿಂಗ್ಟನ್‌ನಲ್ಲಿ ಲಿಂಕನ್ ಹೋಗ್ತಿದ್ದ ಚರ್ಚಲ್ಲಿ ಲಿಂಕನ್ ಕೂರ್ತಿದ್ದ ಜಾಗದಲ್ಲೇ ಐಸೆನ್‌ಹೋವರ್ ಕೂತಿದ್ರು, ಜಾರ್ಜ್ ಡಾಕರ್ಟಿ ಅನ್ನೋ ಪಾದ್ರಿ ಪ್ರವಚನ ಕೊಟ್ಟ. ಅವನು ಹೇಳಿದ್ದರ ಸಾರ ಇಷ್ಟೇ, ಈ ಪ್ಲೆಡ್ಜನ್ನ ಹಿಂಗೇ ಬಿಟ್ರೆ ಮಾಸ್ಕೋದಲ್ಲಿ ಚಿಕ್ಕ ಮಕ್ಕಳು ಅವರ ಕೆಂಪು ಬಾವುಟಕ್ಕೂ ಇದನ್ನೇ ಹೇಳ್ಬೋದು, ಅಮೆರಿಕದ್ದು ಅಂತ ಗುರುತು ಹಿಡಿಯೋಕೆ ಇದ್ರಲ್ಲಿ ಏನಿದೆ ಅಂತ. ಆ ಪಾದ್ರಿ ಹುಟ್ಟಿದ್ದು ಸ್ಕಾಟ್ಲೆಂಡಲ್ಲಿ ಅನ್ನೋದು ಇನ್ನೊಂದು ಸ್ವಾರಸ್ಯ. ನಾಲ್ಕೇ ತಿಂಗಳಲ್ಲಿ ಕಾನೂನು ಪಾಸು. ಎರಡು ವರ್ಷ ಬಿಟ್ಟು 1956ರಲ್ಲಿ "ಇನ್ ಗಾಡ್ ವಿ ಟ್ರಸ್ಟ್" ಅನ್ನೋದು ದೇಶದ ಅಧಿಕೃತ ಧ್ಯೇಯವಾಕ್ಯ ಆಯ್ತು.

ಅಂದ್ರೆ ಇದು ಸ್ಥಾಪಕ ಪಿತಾಮಹರ ಕಾಲದಿಂದ ಬಂದಿದ್ದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನನ್ನ ಪ್ರಕಾರ ಆ ಎರಡು ಪದ ಭಕ್ತಿಯಿಂದ ಬಂದಿದ್ದಕ್ಕಿಂತ ಜಾಸ್ತಿ ಇನ್ನೊಂದು ದೇಶದ ಮೇಲಿನ ಸಿಟ್ಟಿಂದ ಬಂತು. ಸೋವಿಯತ್ ಒಕ್ಕೂಟ 1991ರಲ್ಲೇ ಮುಳುಗಿಹೋಯ್ತು, ಪದ ಮಾತ್ರ ಉಳ್ಕೊಂಡಿದೆ.

ಲಿಂಕನ್ನೇ ಹೇಳಿದ್ರಲ್ಲ ಅಂಡರ್ ಗಾಡ್ ಅಂತ?

ಹೌದು, 1863ರ ಗೆಟಿಸ್‌ಬರ್ಗ್ ಭಾಷಣದಲ್ಲಿ ಆ ಮಾತು ಬರುತ್ತೆ, ಡಾಕರ್ಟಿ ಎತ್ಕೊಂಡಿದ್ದೂ ಅಲ್ಲಿಂದಲೇ. ಆದ್ರೆ ಒಬ್ಬ ನಾಯಕ ತನ್ನ ಭಾಷಣದಲ್ಲಿ ದೇವರನ್ನ ನೆನೆಯೋದು ಬೇರೆ, ಆರು ವರ್ಷದ ಮಗು ಕೈಲಿ ಪ್ರತಿದಿನ ಹೇಳ್ಸೋದು ಬೇರೆ. ಕೇಳೋನು ಒಪ್ಪಬೋದು, ಬಿಡಬೋದು. ಪ್ಲೆಡ್ಜಲ್ಲಿ ಕೇಳೋನೇ ಹೇಳ್ಬೇಕು.

ನನ್ನ ಮಗು ಹೇಳ್ಲೇಬೇಕಾ?

ಬೇಕಾಗಿಲ್ಲ. ಇದು ಬರೀ ಗಾಡ್ ಅನ್ನೋ ಪದಕ್ಕೆ ಮಾತ್ರ ಅಲ್ಲ, ಪೂರ್ತಿ ಪ್ಲೆಡ್ಜಿಗೇ. 1943ರಿಂದ ಇದು ಸುಪ್ರೀಂ ಕೋರ್ಟಿನ ಗಟ್ಟಿ ಕಾನೂನು, ವೆಸ್ಟ್ ವರ್ಜೀನಿಯಾ ವರ್ಸಸ್ ಬಾರ್ನೆಟ್ ಅಂತ ಕೇಸು.

ಇದರ ಕಥೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇಡೀ ಚರ್ಚೆಯಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಇದೇ. ಜೆಹೋವಾ ಸಾಕ್ಷಿಗಳು ಅನ್ನೋ ಕ್ರಿಶ್ಚಿಯನ್ ಪಂಗಡದೋರು ಬಾವುಟಕ್ಕೆ ಸೆಲ್ಯೂಟ್ ಮಾಡೋದು ವಿಗ್ರಹಾರಾಧನೆ ಇದ್ದಂಗೆ, ನಮ್ಮ ನಂಬಿಕೆಗೆ ವಿರುದ್ಧ ಅಂದ್ರು. 1940ರಲ್ಲಿ ಗೋಬೈಟಿಸ್ ಕೇಸಲ್ಲಿ ಸುಪ್ರೀಂ ಕೋರ್ಟು 8-1ರಲ್ಲಿ ಅವರ ವಿರುದ್ಧ ತೀರ್ಪು ಕೊಡ್ತು, ದೇಶದ ಒಗ್ಗಟ್ಟು ಮುಖ್ಯ, ಮಕ್ಕಳು ಸೆಲ್ಯೂಟ್ ಮಾಡ್ಲೇಬೇಕು ಅಂತ. ತೀರ್ಪು ಬಂದಿದ್ದೇ ತಡ ಆ ಪಂಗಡದೋರ ಮೇಲೆ ಊರೂರಲ್ಲಿ ಗುಂಪು ಕಟ್ಕೊಂಡು ಹೊಡೆದ್ರು, ಮೇನ್ ರಾಜ್ಯದ ಕೆನೆಬಂಕಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಇಟ್ರು, ಮಕ್ಕಳನ್ನ ಶಾಲೆಯಿಂದ ಹೊರಗೆ ಹಾಕಿದ್ರು. ಮೂರೇ ವರ್ಷದಲ್ಲಿ ಕೋರ್ಟು ತನ್ನ ಮಾತನ್ನ ತಾನೇ ತಿರುಗಿಸ್ತು, 6-3ರಲ್ಲಿ. ಅದೂ ಎರಡನೇ ಮಹಾಯುದ್ಧ ಜೋರಾಗಿ ನಡೀತಿದ್ದಾಗ. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ತೀರ್ಪಲ್ಲಿ, ಸರ್ಕಾರದ ಯಾವ ಅಧಿಕಾರಿಯೂ, ದೊಡ್ಡೋನಾಗ್ಲಿ ಚಿಕ್ಕೋನಾಗ್ಲಿ, ರಾಜಕೀಯದಲ್ಲಿ ದೇಶಾಭಿಮಾನದಲ್ಲಿ ಧರ್ಮದಲ್ಲಿ ಇದೇ ಸರಿ ಅಂತ ಹೇರಿ ಅದನ್ನ ಬಾಯಲ್ಲಿ ಹೇಳ್ಸೋ ಹಂಗಿಲ್ಲ ಅನ್ನೋ ಅರ್ಥದ ಮಾತಿದೆ.

ಇಲ್ಲಿ ಗಮನಿಸ್ಬೇಕಾಗಿರೋದು, ಆಗ ಪ್ಲೆಡ್ಜಲ್ಲಿ ದೇವರ ಹೆಸರೇ ಇರ್ಲಿಲ್ಲ! ದೇವರಿಲ್ಲದ ಪ್ಲೆಡ್ಜೇ ದೇವರನ್ನ ತುಂಬಾ ನಂಬೋರಿಗೆ ನೋವು ಕೊಟ್ಟಿತ್ತು. ಅದಕ್ಕೇ ನಾನು ಹೇಳೋದು, ದೇವರ ಪದ ತೆಗೆದಾಕಿದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋದು ಅರ್ಧ ಉತ್ತರ. ಬೇಡ ಅನ್ನೋ ಹಕ್ಕು ನಿಜವಾಗ್ಲೂ ಕೈಗೆ ಸಿಗುತ್ತಾ ಅನ್ನೋದು ಮಿಕ್ಕರ್ಧ.

ಟೀಚರ್ ಬಲವಂತ ಮಾಡಿದ್ರೆ?

ಮಾಡೋ ಹಂಗಿಲ್ಲ. ಆದ್ರೆ ಫ್ಲಾರಿಡಾ, ಟೆಕ್ಸಾಸ್ ಥರದ ರಾಜ್ಯಗಳಲ್ಲಿ ಮಗು ಹೇಳ್ದೇ ಇರ್ಬೇಕು ಅಂದ್ರೆ ತಂದೆ ತಾಯಿ ಬರೆದು ಕೊಡ್ಬೇಕು ಅನ್ನೋ ನಿಯಮ ಇದೆ. ಡಲ್ಲಾಸ್, ಆಸ್ಟಿನ್ ಕಡೆ ಇರೋರು ಜಗಳಕ್ಕೆ ಹೋಗೋ ಮುಂಚೆ ಎರಡು ಸಾಲಿನ ಪತ್ರ ಕೊಡಿ ಸಾಕು. ಅಂಡರ್ ಗಾಡ್ ಅನ್ನೋ ಎರಡು ಪದ ಮಾತ್ರ ಬಿಟ್ಟು ಉಳಿದಿದ್ದು ಹೇಳಿದ್ರೂ ನಡೆಯುತ್ತೆ, ಹಂಗೆ ಮಾಡೋ ಮಕ್ಕಳೂ ಇದಾರೆ, ಯಾರಿಗೂ ಗೊತ್ತೂ ಆಗಲ್ಲ.

ಆ ಎರಡು ಪದದ ಮೇಲೇ ಯಾರೂ ಕೇಸ್ ಹಾಕ್ಲಿಲ್ವಾ?

ಹಾಕಿದ್ರು, ದೊಡ್ಡ ಗಲಾಟೇನೂ ಆಯ್ತು. ಮೈಕೆಲ್ ನ್ಯೂಡೋ ಅಂತ ಕ್ಯಾಲಿಫೋರ್ನಿಯಾದ ಡಾಕ್ಟರು, ಎಮರ್ಜೆನ್ಸಿ ರೂಮಲ್ಲಿ ಕೆಲಸ, ಕಾನೂನೂ ಓದ್ಕೊಂಡಿದ್ದೋರು, ನಾಸ್ತಿಕ. ನನ್ನ ಮಗಳು ದಿನಾ ಶಾಲೇಲಿ ದೇವರಿದಾನೆ ಅನ್ನೋ ಮಾತು ಕೇಳ್ಬೇಕು, ಅವಳಪ್ಪನ ನಂಬಿಕೆ ತಪ್ಪು ಅಂತ ಸರ್ಕಾರವೇ ಹೇಳ್ದಂಗಾಯ್ತು ಅನ್ನೋದು ಅವರ ವಾದ. 2002ರ ಜೂನ್ 26ಕ್ಕೆ ಒಂಬತ್ತನೇ ಸರ್ಕ್ಯೂಟ್ ಕೋರ್ಟು (ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿರೋ ಮೇಲ್ಮನವಿ ಕೋರ್ಟು) 2-1ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಟ್ವಿನ್ ಟವರ್ ಬಿದ್ದು ಒಂಬತ್ತು ತಿಂಗಳು, ಊರ ತುಂಬಾ ಬಾವುಟಗಳು, ಅಂಥಾ ಟೈಮಲ್ಲಿ ಈ ತೀರ್ಪು. ದೇಶ ಹೊತ್ತಿ ಉರೀತು. ಸೆನೆಟ್ಟಲ್ಲಿ ಅವತ್ತೇ 99-0ಯಲ್ಲಿ ಖಂಡನಾ ನಿರ್ಣಯ, ಸಂಸದರು ಕ್ಯಾಪಿಟಲ್ ಮೆಟ್ಟಿಲ ಮೇಲೆ ನಿಂತು ಪ್ಲೆಡ್ಜ್ ಹೇಳಿದ್ರು, ಗಾಡ್ ಬಂದಾಗ ಒಂಚೂರು ಜೋರಾಗೇ. ತೀರ್ಪು ಬರೆದ ಜಡ್ಜ್ ಆಲ್ಫ್ರೆಡ್ ಗುಡ್ವಿನ್ ನೇಮಕ ಆಗಿದ್ದು ನಿಕ್ಸನ್ ಅವರಿಂದ, ಹಾಗಾಗಿ ಎಡಪಂಥೀಯ ಜಡ್ಜು ಅಂತ ಬೈಯೋದೂ ಕಷ್ಟ ಆಯ್ತು.

ಸುಪ್ರೀಂ ಕೋರ್ಟಲ್ಲಿ 2004ರ ಮಾರ್ಚಲ್ಲಿ ನ್ಯೂಡೋ ತಾವೇ ವಾದ ಮಾಡಿದ್ರು. ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರು 1954ರಲ್ಲಿ ಕಾಂಗ್ರೆಸ್ಸಲ್ಲಿ ಇದಕ್ಕೆ ಎಷ್ಟು ವಿರೋಧ ಇತ್ತು ಅಂತ ಕೇಳಿದ್ರು, ಯಾರದ್ದೂ ಇರ್ಲಿಲ್ಲ ಅಂತ ಉತ್ತರ, ಹಂಗಾದ್ರೆ ಜನರನ್ನ ಒಡೆಯೋ ಮಾತು ಹೆಂಗಾಯ್ತು ಅಂದ್ರು, ಅದಕ್ಕೆ ನ್ಯೂಡೋ ಈ ದೇಶದಲ್ಲಿ ನಾಸ್ತಿಕರು ಯಾರೂ ಎಲೆಕ್ಷನ್ ಗೆಲ್ಲೋಕಾಗಲ್ವಲ್ಲ ಅದಕ್ಕೇ ಅಂದ್ರು. ಕೋರ್ಟ್ ಹಾಲಲ್ಲಿ ಚಪ್ಪಾಳೆ! ಹಾಲ್ ಖಾಲಿ ಮಾಡಿಸ್ತೀನಿ ಅಂತ ರೆನ್‌ಕ್ವಿಸ್ಟ್ ಗದರಿಸಬೇಕಾಯ್ತು.

ಕೊನೆಗೆ ತೀರ್ಪು ಬಂದಿದ್ದು 2004ರ ಜೂನ್ 14, ಪದ ಸೇರಿಸಿ ಸರಿಯಾಗಿ 50 ವರ್ಷ ಆದ ದಿನ. ಕೋರ್ಟು ಏನು ಮಾಡ್ತು ಅಂದ್ರೆ, ಮಗು ತಾಯಿ ಸುಪರ್ದಿಯಲ್ಲಿದೆ, ಅಮ್ಮನಿಗೆ ಪ್ಲೆಡ್ಜ್ ಮೇಲೆ ಯಾವ ತಕರಾರೂ ಇಲ್ಲ, ಅದರಿಂದ ಈ ತಂದೆಗೆ ಮಗಳ ಪರವಾಗಿ ಕೇಸ್ ಹಾಕೋ ಅಧಿಕಾರವೇ ಇಲ್ಲ ಅಂತ ಹೇಳಿ ಮುಖ್ಯ ಪ್ರಶ್ನೆಗೆ ಉತ್ತರವನ್ನೇ ಕೊಡದೆ ಜಾರಿಕೊಂಡಿತು. ಚಾಪೆ ಕೆಳಗೆ ನುಸುಳೋದು ಅಂದ್ರೆ ಇದೇ. ಮೂರು ಜನ ಜಡ್ಜುಗಳು ಮಾತ್ರ ಪ್ಲೆಡ್ಜ್ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ಬೇರೆಬೇರೆ ಕಾರಣ ಕೊಟ್ಟು ಬರೆದ್ರು. ಮುಂದೆ 2010ರಲ್ಲಿ ಅದೇ ಒಂಬತ್ತನೇ ಸರ್ಕ್ಯೂಟಲ್ಲಿ ಇನ್ನೊಂದು ಪೀಠ 2-1ರಲ್ಲಿ ಪ್ಲೆಡ್ಜ್ ಸರಿ ಅಂತು. 2014ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಹೇಳ್ತು.

ಅದು ಬರೀ ಶಾಸ್ತ್ರಕ್ಕೆ ಇರೋ ಮಾತು, ಯಾರು ಸೀರಿಯಸ್ಸಾಗಿ ತಗೋತಾರೆ ಅಂತಾರಲ್ಲ?

ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ವಾದ ಹೆಚ್ಚುಕಮ್ಮಿ ಅದೇ. ಸಮಾರಂಭದಲ್ಲಿ ಹೇಳಿ ಹೇಳಿ ಸವೆದು ಧಾರ್ಮಿಕ ಅರ್ಥ ಹೋಗ್ಬಿಟ್ಟಿರೋ ಮಾತು, ಪ್ರಾರ್ಥನೆ ಅಲ್ಲ ಅನ್ನೋ ವಾದ.

ನನಗೆ ಇದು ಒಪ್ಪಿಗೆ ಇಲ್ಲ, ಅದೂ ಆಸ್ತಿಕನಾಗಿ ಒಪ್ಪಿಗೆ ಇಲ್ಲ. ದೇವರ ಹೆಸರಿಗೆ ಅರ್ಥ ಇಲ್ಲ ಅನ್ನೋದಾದ್ರೆ ಅದನ್ನ ಉಳಿಸ್ಕೊಳ್ಳೋಕೆ ಯಾಕಿಷ್ಟು ಗುದ್ದಾಟ? ಅರ್ಥ ಇದೆ ಅನ್ನೋದಾದ್ರೆ ಸರ್ಕಾರ ಯಾಕೆ ಹೇಳಿಸ್ಬೇಕು? ಎರಡೂ ಕಡೆ ಇಟ್ಕೊಳ್ಳೋಕಾಗಲ್ಲ. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಈ ವಿಷಯದಲ್ಲಿ ಪ್ರಾಮಾಣಿಕ ಅನ್ಸುತ್ತೆ, ಕೋರ್ಟಿನ ಹಳೇ ತೀರ್ಪುಗಳನ್ನ ನೆಟ್ಟಗೆ ಅನ್ವಯಿಸಿದ್ರೆ ಈ ಪ್ಲೆಡ್ಜ್ ನಿಲ್ಲಲ್ಲ ಅಂತ ಒಪ್ಕೊಂಡು, ಆ ತೀರ್ಪುಗಳೇ ತಪ್ಪು ಅಂದ್ರು. ಅವರ ತೀರ್ಮಾನ ನನಗೆ ಹಿಡಿಸ್ಲಿಲ್ಲ, ಆದ್ರೆ ಸುತ್ತಿ ಬಳಸಿ ಮಾತಾಡ್ಲಿಲ್ಲ.

ನಾವು ಹೇಗಿದ್ರೂ ದೇವರನ್ನ ನಂಬೋರು, ನಮಗೇನು ಕಷ್ಟ? ಗಾಡ್ ಅಂದಾಗ ವೆಂಕಟರಮಣನ್ನ ನೆನೆಸ್ಕೊಂಡ್ರೆ ಆಯ್ತಪ್ಪ.

ನೆನೆಸ್ಕೊಳ್ಳಿ, ಬೇಡ ಅಂದೋರ್ಯಾರು. ನಮ್ಮಲ್ಲಿ ಹೆಚ್ಚಿನೋರು ಮಾಡೋದೂ ಅದನ್ನೇ. ಆದ್ರೆ ಸ್ವಲ್ಪ ಯೋಚನೆ ಮಾಡಿ, ನಮ್ಮಲ್ಲೇ ಜೈನ ಕುಟುಂಬಗಳಿವೆ, ಜಗತ್ತನ್ನ ಸೃಷ್ಟಿ ಮಾಡಿ ನಡೆಸೋ ಒಬ್ಬ ದೇವರು ಅನ್ನೋ ಕಲ್ಪನೆಯೇ ಅವರ ಧರ್ಮದಲ್ಲಿಲ್ಲ. ಬೌದ್ಧರಿಗೂ ಹಂಗೇ. ದೇವರೇ ಇಲ್ಲ ಅನ್ನೋ ಕನ್ನಡದೋರಿಗೂ ಕಮ್ಮಿ ಇಲ್ಲ. ಅವರ ಮಕ್ಕಳು ಒಳ್ಳೇ ಅಮೆರಿಕನ್ ಆಗ್ಬೇಕಾದ್ರೆ ಮನೇಲಿ ಕಲಿತಿದ್ದನ್ನ ಅರ್ಧ ನಿಮಿಷ ಮುಚ್ಚಿಡ್ಬೇಕಾ?

ಇನ್ನೊಂದು ವಿಷಯ, ನಾವು ಇಲ್ಲಿ ಅಲ್ಪಸಂಖ್ಯಾತರು. ಇದನ್ನ ಎಷ್ಟೋ ಜನ ಮರೀತಾರೆ, ಊರಲ್ಲಿ ಬಹುಸಂಖ್ಯಾತರಾಗಿ ಬೆಳೆದು ಆ ಅಭ್ಯಾಸದಲ್ಲೇ ಇಲ್ಲೂ ಮಾತಾಡ್ತಾರೆ. 1954ರ ಆ ಕಾನೂನು ತಂದೋರ ಮನಸ್ಸಲ್ಲಿದ್ದ ದೇವರು ನಮ್ಮನೆ ದೇವರಕೋಣೇಲಿರೋ ದೇವರಲ್ಲ.

ಭಾರತದಲ್ಲಿ ನಾವು ಹೇಳ್ತಿದ್ದ ಪ್ರತಿಜ್ಞೆಯಲ್ಲಿ ದೇವರಿದ್ನಾ?

ಇರ್ಲಿಲ್ಲ. ಪಠ್ಯಪುಸ್ತಕದ ಮೊದಲ ಪುಟಗಳಲ್ಲಿ ಇರ್ತಿತ್ತಲ್ಲ, ಭಾರತ ನನ್ನ ದೇಶ, ಎಲ್ಲಾ ಭಾರತೀಯರೂ ನನ್ನ ಸಹೋದರ ಸಹೋದರಿಯರು ಅಂತ, ಅದನ್ನ 1962ರಲ್ಲಿ ತೆಲುಗಲ್ಲಿ ಬರೆದಿದ್ದು ಪೈಡಿಮರ್ರಿ ವೆಂಕಟ ಸುಬ್ಬರಾವ್, ನಲ್ಗೊಂಡ ಕಡೆಯೋರು, ಖಜಾನೆ ಇಲಾಖೆಯಲ್ಲಿ ಅಧಿಕಾರಿ. ಚೀನಾ ಯುದ್ಧದ ವರ್ಷ ಅದು. ದೇಶದ ಎಲ್ಲಾ ಶಾಲೆಗಳಲ್ಲೂ ಹೇಳಿಸ್ಬೇಕು ಅಂತ ತೀರ್ಮಾನ ಆಗಿದ್ದು ನಮ್ಮ ಬೆಂಗಳೂರಲ್ಲೇ, 1964ರಲ್ಲಿ ಆಗಿನ ಶಿಕ್ಷಣ ಮಂತ್ರಿ ಎಂ. ಸಿ. ಚಾಗ್ಲಾ ಅಧ್ಯಕ್ಷತೆಯಲ್ಲಿ ನಡೆದ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಸಭೇಲಿ. 1965ರಿಂದ ಜಾರಿ. ಅದರಲ್ಲಿ ದೇಶದ ಪರಂಪರೆ ಇದೆ, ತಂದೆ ತಾಯಿ ಗುರು ಹಿರಿಯರಿಗೆ ಗೌರವ ಇದೆ, ಜನರ ಕ್ಷೇಮ ಇದೆ, ದೇವರು ಮಾತ್ರ ಇಲ್ಲ. ದೇವರ ಹೆಸರಿಲ್ಲ ಅಂತ ನಮಗೆ ಯಾವತ್ತಾದ್ರೂ ಏನಾದ್ರೂ ಕಮ್ಮಿ ಅನ್ಸಿತ್ತಾ? ನೆನಪು ಮಾಡ್ಕೊಳ್ಳಿ.

ಬಾರ್ನೆಟ್ ಥರದ್ದೇ ಕೇಸು ನಮ್ಮಲ್ಲೂ ಆಗಿದೆ. ಕೇರಳದಲ್ಲಿ ಜೆಹೋವಾ ಸಾಕ್ಷಿಗಳ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವವಾಗಿ ಎದ್ದು ನಿಲ್ತಿದ್ರು ಆದ್ರೆ ಹಾಡ್ತಿರ್ಲಿಲ್ಲ, 1985ರಲ್ಲಿ ಶಾಲೆಯಿಂದ ತೆಗೆದ್ರು. 1986ರ ಆಗಸ್ಟಲ್ಲಿ ಸುಪ್ರೀಂ ಕೋರ್ಟಿನ ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳ ಪರ ತೀರ್ಪು ಕೊಡ್ತು, ಬಿಜೋ ಎಮ್ಯಾನುಯೆಲ್ ಕೇಸು ಅಂತಾನೇ ಹೆಸರು. ಅಮೆರಿಕದ ಬಾರ್ನೆಟ್ ತೀರ್ಪನ್ನ ಅದರಲ್ಲಿ ಉಲ್ಲೇಖ ಮಾಡಿದಾರೆ.

ನಮ್ಮ ಸಂವಿಧಾನದಲ್ಲಿ ದೇವರನ್ನ ಸೇರಿಸೋಕೆ ಯಾರೂ ನೋಡ್ಲಿಲ್ವಾ?

ನೋಡಿದ್ರು, ಅದೂ ಮಂಗಳೂರಲ್ಲಿ ಹುಟ್ಟಿದ ಒಬ್ಬರು. ಹರಿ ವಿಷ್ಣು ಕಾಮತ್, ಐಸಿಎಸ್ ಬಿಟ್ಟು ಸುಭಾಷ್ ಬೋಸ್ ಅವರ ಫಾರ್ವರ್ಡ್ ಬ್ಲಾಕ್ ಸೇರಿದ್ದೋರು. 1949ರ ಅಕ್ಟೋಬರ್ 17ಕ್ಕೆ ಸಂವಿಧಾನ ಸಭೇಲಿ ಪೀಠಿಕೆ ಚರ್ಚೆಗೆ ಬಂದಾಗ ದೇವರ ಹೆಸರಿನಲ್ಲಿ ಭಾರತದ ಜನರಾದ ನಾವು ಅಂತ ಶುರು ಆಗ್ಲಿ ಅಂತ ತಿದ್ದುಪಡಿ ತಂದ್ರು. ಪರಮೇಶ್ವರನ ಹೆಸರಿರ್ಲಿ ಅಂದೋರು ಇದ್ರು, ದೇವರು ಯಾಕೆ ದೇವಿ ಇರ್ಲಿ ಅಂತ ಅಸ್ಸಾಮಿನ ಸದಸ್ಯರೊಬ್ಬರು ಎದ್ದು ನಿಂತ್ರು. ನೋಡಿ, ದೇವರು ಅಂತ ಬಾಯಿ ಬಿಟ್ಟ ತಕ್ಷಣ ಯಾವ ದೇವರು ಅನ್ನೋ ಪ್ರಶ್ನೆ ಬಂದೇ ಬಂತು.

ವಿರೋಧ ಮಾಡಿದ್ದು ನಾಸ್ತಿಕರೇನಲ್ಲ. ಹೃದಯನಾಥ ಕುಂಜ್ರು ಅವರು ಎಲ್ಲರಿಗೂ ಚಿಂತನೆಯ, ನಂಬಿಕೆಯ ಸ್ವಾತಂತ್ರ್ಯ ಕೊಡ್ತೀವಿ ಅಂತ ಅದೇ ಪೀಠಿಕೆಯಲ್ಲಿ ಬರೆದು ಅದರ ತಲೆ ಮೇಲೆ ನಮ್ಮ ಒಂದು ಭಾವನೇನ ಎಲ್ಲರ ಮೇಲೂ ಹೇರೋದು ಹೆಂಗೆ ಸರಿ ಅಂತ ಕೇಳಿದ್ರು. ದೇವರನ್ನ ವೋಟಿಗೆ ಹಾಕ್ಬೇಡಿ, ವಾಪಸ್ ತಗೊಳ್ಳಿ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳ್ಕೊಂಡ್ರು. ಕಾಮತ್ ಒಪ್ಪಲಿಲ್ಲ, ವೋಟಿಗೇ ಹೋಯ್ತು: ಪರ 41, ವಿರುದ್ಧ 68. ಕಾಮತ್ ತುಂಬಾ ಬೇಜಾರು ಮಾಡ್ಕೊಂಡ್ರು. ನನಗೆ ಈ ಚರ್ಚೆ ಓದಿದಾಗೆಲ್ಲಾ ಆ ಸಭೆ ಬಗ್ಗೆ ಹೆಮ್ಮೆ ಅನ್ಸುತ್ತೆ, ದೇಶ ಧರ್ಮದ ಹೆಸರಲ್ಲಿ ಒಡೆದು ಎರಡು ವರ್ಷ ಆಗಿತ್ತು ಅಷ್ಟೇ, ಭಾವನೆ ಕೆರಳಿಸೋದು ಎಷ್ಟು ಸುಲಭ ಇತ್ತು. ಅಮೆರಿಕದೋರು ಐದು ವರ್ಷ ಆದ್ಮೇಲೆ ವಿರೋಧವೇ ಇಲ್ಲದೆ ಸೇರಿಸಿದ್ದನ್ನ ನಮ್ಮೋರು ಕೂತು ವಾದ ಮಾಡಿ ಬೇಡ ಅಂದ್ರು.

ಮತ್ತೆ ನಮ್ಮ ಮಂತ್ರಿಗಳು ದೇವರ ಹೆಸರಲ್ಲಿ ಪ್ರಮಾಣ ವಚನ ತಗೋತಾರಲ್ಲ?

ಅಲ್ಲಿ ಆಯ್ಕೆ ಇದೆ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡ್ಬೋದು, ಇಲ್ಲಾ ಸತ್ಯನಿಷ್ಠೆಯಿಂದ ಅಂತ ಹೇಳ್ಬೋದು, ಎರಡಕ್ಕೂ ಒಂದೇ ಬೆಲೆ. ವಯಸ್ಸಾದೋರು, ತಾವಾಗೇ ಹುದ್ದೆ ಬೇಕು ಅಂತ ಬಂದೋರು, ತಮಗೆ ಬೇಕಾದ್ದನ್ನ ಆರಿಸ್ಕೋತಾರೆ. ನನಗೆ ಇದರಲ್ಲಿ ಯಾವ ತಕರಾರೂ ಇಲ್ಲ.

ನಮ್ಮ ಕರ್ನಾಟಕದಲ್ಲಿ ಅದು ಎಲ್ಲೆಲ್ಲಿಗೋ ಹೋಗಿದೆ ಬಿಡಿ. 2023ರಲ್ಲಿ ಡಿ. ಕೆ. ಶಿವಕುಮಾರ್ ತಾವು ನಂಬೋ ಗುರು ಗಂಗಾಧರ ಅಜ್ಜನ ಹೆಸರಲ್ಲಿ ಪ್ರಮಾಣ ಮಾಡಿದ್ರು, ಹಿಂದಿನ ಸರ್ಕಾರದಲ್ಲಿ ಗೋಮಾತೆ ಹೆಸರಲ್ಲಿ ಮಾಡಿದೋರೂ ಇದ್ರು. ನಮೂನೆಯಲ್ಲಿ ಬರೀ ದೇವರು ಅಂತ ಇದೆ, ಇವೆಲ್ಲಾ ಹೆಂಗೆ ನಡೆಯುತ್ತೆ ಅಂತ ಹೈಕೋರ್ಟಿಗೆ ಪಿಐಎಲ್ಲೂ ಹೋಯ್ತು, ಬುದ್ಧ ಬಸವಣ್ಣ ಅಂಬೇಡ್ಕರ್ ಅಂಥೋರನ್ನ ಜನ ದೈವಾಂಶ ಇರೋರು ಅಂತ ಕಾಣ್ತಾರೆ ಅಂತ ಹೇಳಿ ಕೋರ್ಟು ವಜಾ ಮಾಡ್ತು. ಕೇರಳದಲ್ಲಿ ಉಲ್ಟಾ, 2001ರಲ್ಲಿ ಗೆದ್ದ ಶಾಸಕರೊಬ್ಬರು ನಾರಾಯಣ ಗುರುಗಳ ಹೆಸರಲ್ಲಿ ಮಾಡಿದ ಪ್ರಮಾಣವನ್ನ ಅಲ್ಲಿನ ಹೈಕೋರ್ಟು ಒಪ್ಪಲಿಲ್ಲ. ದೇವರ ಪಟ್ಟಿಗೆ ಯಾರನ್ನ ಸೇರಿಸ್ಬೋದು ಯಾರನ್ನ ಸೇರಿಸ್ಬಾರ್ದು ಅಂತ ಜಡ್ಜುಗಳು ಕೂತು ತೀರ್ಮಾನ ಮಾಡೋ ಪರಿಸ್ಥಿತಿ! ದೇವರನ್ನ ಸರ್ಕಾರಿ ನಮೂನೆಗೆ ಹಾಕಿದ್ರೆ ಆಗೋದು ಹಿಂಗೇ.

ದೇವರ ಹೆಸರಿದ್ರೆ ಜನಕ್ಕೆ ಒಂದು ಭಯ ಇರುತ್ತೆ, ಮಾತಿಗೆ ತಪ್ಪಲ್ಲ ಅಲ್ವಾ?

2011ರಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರೂ ಧರ್ಮಸ್ಥಳದಲ್ಲಿ ಆಣೆ ಪ್ರಮಾಣ ಮಾಡ್ತೀವಿ ಅಂತ ಸವಾಲು ಹಾಕ್ಕೊಂಡು, ರಾಜ್ಯವೆಲ್ಲಾ ಟಿವಿ ಮುಂದೆ ಕೂತು, ಕೊನೆಗೆ ಇಬ್ಬರೂ ಹೋಗಿ ದರ್ಶನ ಮಾಡ್ಕೊಂಡು ಬಂದ್ರು, ಆಣೆ ಮಾತ್ರ ಆಗ್ಲಿಲ್ಲ. ಮಂಜುನಾಥನ ಮುಂದೆ ಭಯ ಇರೋದು ನಿಜವೇ. ಆದ್ರೆ ವಿಧಾನಸೌಧದಲ್ಲಿ ದೇವರ ಹೆಸರಲ್ಲಿ ಪ್ರಮಾಣ ಮಾಡಿ ಜೈಲಿಗೆ ಹೋಗಿ ಬಂದೋರೂ ನಮಗೆ ಗೊತ್ತು. ಭಯ ಇರೋದು ನಂಬಿಕೆಯಲ್ಲಿ, ಸರ್ಕಾರ ಬರೆದುಕೊಟ್ಟ ವಾಕ್ಯದಲ್ಲಿ ಅಲ್ಲ.

ಅಮೆರಿಕ ಸಿಟಿಜನ್‌ಶಿಪ್ ತಗೋಳುವಾಗ ದೇವರ ಮೇಲೆ ಪ್ರಮಾಣ ಮಾಡ್ಬೇಕಾ?

ಓತ್ ಸಮಾರಂಭದಲ್ಲಿ ಹೇಳೋ ವಚನ "ಸೋ ಹೆಲ್ಪ್ ಮಿ ಗಾಡ್" ಅಂತ ಮುಗಿಯುತ್ತೆ. ಬೇಡ ಅಂದ್ರೆ ಬಿಡ್ಬೋದು, ಪ್ರಮಾಣ ಅನ್ನೋದರ ಬದ್ಲು ಸತ್ಯವಾಗಿ ದೃಢೀಕರಿಸ್ತೀನಿ ಅಂತಾನೂ ಹೇಳ್ಬೋದು, ನಿಯಮದಲ್ಲೇ ಅವಕಾಶ ಇದೆ. ಇಂಟರ್‌ವ್ಯೂನಲ್ಲೇ ಆಫೀಸರ್ ಹತ್ರ ಹೇಳ್ಬಿಟ್ರೆ ಒಳ್ಳೇದು. ಆಯುಧ ಹಿಡೀತೀನಿ ಅನ್ನೋ ಭಾಗ ಬಿಡೋದು ಮಾತ್ರ ಬೇರೆ ವಿಷಯ, ಅದಕ್ಕೆ ಧಾರ್ಮಿಕ ನಂಬಿಕೆ ಕಾರಣ ಅಂತ ತೋರಿಸ್ಬೇಕು.

ಅಮೆರಿಕದ ಅಧ್ಯಕ್ಷರಿಗೆ ಸಂವಿಧಾನ ಬರೆದುಕೊಟ್ಟ ಪ್ರಮಾಣದಲ್ಲೇ ದೇವರಿಲ್ಲ. ಕೊನೆಯಲ್ಲಿ ಹೇಳೋ ಗಾಡ್ ಅವರಾಗೇ ಸೇರಿಸ್ಕೊಳ್ಳೋದು. ಬೈಬಲ್ಲೂ ಕಡ್ಡಾಯ ಅಲ್ಲ, 2007ರಲ್ಲಿ ಸಂಸದ ಕೀತ್ ಎಲಿಸನ್ ಹಿಂದಿನ ಕಾಲದ ಅಧ್ಯಕ್ಷ ಜೆಫರ್ಸನ್ ಸಂಗ್ರಹದಲ್ಲಿದ್ದ ಕುರಾನ್ ಮೇಲೆ ಕೈ ಇಟ್ರು, 2013ರಲ್ಲಿ ಸಂಸದೆ ತುಳಸಿ ಗಬ್ಬಾರ್ಡ್ ಭಗವದ್ಗೀತೆ ತಂದ್ರು.

ಬೇರೆ ದೇಶಗಳಲ್ಲಿ?

ಬಗೆಬಗೆ. ಆಸ್ಟ್ರೇಲಿಯಾದಲ್ಲಿ ಪೌರತ್ವದ ವಚನ ದೇವರು ಇರೋದು ಒಂದು, ಇಲ್ಲದ್ದು ಒಂದು, ಬೇಕಾದ್ದು ಹೇಳಿ. ಜರ್ಮನಿಯ ಚಾನ್ಸಲರ್ ದೇವರನ್ನ ಬಿಡ್ಬೋದು, 2021ರಲ್ಲಿ ಓಲಾಫ್ ಶೋಲ್ಸ್ ಬಿಟ್ರು. ಸಿಂಗಾಪುರದ ಮಕ್ಕಳ ಪ್ರತಿಜ್ಞೆಯಲ್ಲಿ ಧರ್ಮದ ಪ್ರಸ್ತಾಪ ಇದೆ, ಆದ್ರೆ ಜನಾಂಗ ಭಾಷೆ ಧರ್ಮ ಯಾವುದೇ ಇರ್ಲಿ ನಾವೆಲ್ಲಾ ಒಂದು ಅಂತ.

ಇಂಗ್ಲೆಂಡಿನ ಕಥೆ ಮಾತ್ರ ಹೇಳ್ದೇ ಬಿಡೋಕೆ ಮನಸ್ಸಿಲ್ಲ. ಚಾರ್ಲ್ಸ್ ಬ್ರಾಡ್ಲಾ ಅನ್ನೋ ನಾಸ್ತಿಕ 1880ರಲ್ಲಿ ನಾರ್ಥಾಂಪ್ಟನ್ನಿಂದ ಪಾರ್ಲಿಮೆಂಟಿಗೆ ಗೆದ್ದ, ದೇವರ ಪ್ರಮಾಣದ ಬದ್ಲು ಬರೀ ದೃಢೀಕರಣ ಮಾಡ್ತೀನಿ ಅಂದ, ಒಳಗೆ ಬಿಡ್ಲಿಲ್ಲ, ಕೂಡಿ ಹಾಕಿದ್ರು, ಸೀಟು ಖಾಲಿ ಅಂದ್ರು, ಮತ್ತೆ ಮತ್ತೆ ಎಲೆಕ್ಷನ್ನಲ್ಲಿ ಅದೇ ಊರಿನ ಜನ ಅವನನ್ನೇ ಗೆಲ್ಲಿಸಿದ್ರು. 1886ರಲ್ಲಿ ಕೊನೆಗೂ ಕೂತ, 1888ರಲ್ಲಿ ಕಾನೂನನ್ನೇ ಬದಲಾಯಿಸಿ ಎಲ್ಲರಿಗೂ ಆಯ್ಕೆ ಸಿಗೋ ಹಂಗೆ ಮಾಡ್ದ. ಭಾರತದ ಪರ ಅಷ್ಟು ಮಾತಾಡ್ತಿದ್ದ ಅಂದ್ರೆ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. 1891ರಲ್ಲಿ ತೀರಿಕೊಂಡಾಗ ಲಂಡನ್ನಲ್ಲಿ ಓದ್ತಿದ್ದ ಗಾಂಧಿ ಅವನ ಅಂತ್ಯಕ್ರಿಯೆಗೆ ಹೋಗಿದ್ರು.

ಸರಿ, ಮಗುಗೆ ಏನು ಹೇಳ್ಲಿ?

ಚಿಕ್ಕ ಮಗು ಆದ್ರೆ ಸುಮ್ನೆ ಬಿಡಿ, ಅದಕ್ಕೆ ಅದು ಪದ್ಯ ಇದ್ದಂಗೆ. ಕೇಳೋ ವಯಸ್ಸಿಗೆ ಬಂದಾಗ ನಿಜ ಹೇಳಿ: ಇದು ಹೇಳೋದು ಬಿಡೋದು ನಿನ್ನಿಷ್ಟ, ಬೇರೆಯೋರು ಹೇಳುವಾಗ ಗಲಾಟೆ ಮಾಡ್ಬೇಡ, ಹೇಳದೇ ಇರೋ ಹುಡುಗನ್ನ ಆಡ್ಕೋಬೇಡ. ಈ ಕೊನೇದು ಮರೀಬೇಡಿ ದಯವಿಟ್ಟು. ಕೋರ್ಟು ಟೀಚರನ್ನ ತಡೀಬೋದು, ಪಕ್ಕದ ಬೆಂಚಿನೋರನ್ನ ತಡೆಯೋಕಾಗಲ್ಲ, ಮಕ್ಕಳು ನಿಜವಾಗಿ ಹೆದರೋದು ಅವರಿಗೇ.

ಮುಂದೆ ಯಾವತ್ತಾದ್ರೂ ಆ ಎರಡು ಪದ ತೆಗೀತಾರಾ?

ತೆಗೀತಾರೆ ಅನ್ನೋ ಭರವಸೆ ನನಗಿಲ್ಲ. ಓಟು ಕೇಳೋ ಯಾವ ರಾಜಕಾರಣಿಯೂ ದೇವರನ್ನ ತೆಗೀತೀನಿ ಅಂತ ನಿಂತ್ಕೊಳಲ್ಲ, 99-0 ನೋಡಿದ್ವಲ್ಲ. ಕೋರ್ಟಿನ ದಾರಿಯೂ ಕಿರಿದಾಗಿದೆ, 2019ರಲ್ಲಿ ಮೇರಿಲ್ಯಾಂಡಿನ ಶಿಲುಬೆ ಸ್ಮಾರಕದ ಕೇಸು, 2022ರಲ್ಲಿ ಫುಟ್‌ಬಾಲ್ ಕೋಚ್ ಮೈದಾನದಲ್ಲಿ ಪ್ರಾರ್ಥನೆ ಮಾಡಿದ ಕೇಸು, ಎರಡರಲ್ಲೂ ಸುಪ್ರೀಂ ಕೋರ್ಟು ಇತಿಹಾಸ, ಸಂಪ್ರದಾಯದ ಕಡೆಗೇ ವಾಲಿದೆ. ಕೈಯಲ್ಲಿರೋದು ಬಾರ್ನೆಟ್ ಒಂದು. ಅದನ್ನ ಬಳಸ್ಕೊಳ್ಳೋದಕ್ಕೆ ವಕೀಲರೂ ಬೇಡ, ಟೆಕ್ಸಾಸಲ್ಲಿದ್ರೆ ಆ ಪತ್ರ ಒಂದು ಕೊಟ್ಬಿಡಿ.